ನಿಮ್ಮ ಕೈಗೆ ಯಾವ ಟಚ್‌ಸ್ಕ್ರೀನ್? ಗಲ್ಲಾ, ಕಾರ್ಖಾನೆ, ಶಾಲೆ, ಹೊಲಕ್ಕೆ ಒಂದು ಹೋಲಿಕೆ

ಬಿಲ್ಲಿಂಗ್ ಮಷಿನ್ ಕೊಳ್ಳಲು ಹೋದವರು ಕೇಳುವುದು ಎಷ್ಟು ಇಂಚು, ಎಷ್ಟು ರ‍್ಯಾಮ್, ಎಷ್ಟು ವರ್ಷ ವಾರಂಟಿ ಅಂತ. ಟಚ್ ಯಾವ ಬಗೆಯದು ಎಂದು ಕೇಳುವವರು ತೀರಾ ಕಡಿಮೆ. ಅಂಗಡಿಯವರೂ ತಾವಾಗಿ ಹೇಳುವುದಿಲ್ಲ. ಮಷಿನ್ ಗಲ್ಲಾದ ಮೇಲೆ ಕೂತು ಕೆಲವು ವಾರ ಆದ ಮೇಲೆ ಫೋನ್ ಹೋಗುತ್ತದೆ: "ಏನ್ರೀ ಇದು, ಒತ್ತೋದೊಂದು, ಬರೋದೊಂದು!"

ನಮ್ಮ ಕಡೆ ಈ ಪ್ರಶ್ನೆಗೆ ತೂಕ ಜಾಸ್ತಿ. ಯಾಕೆಂದರೆ ಇಲ್ಲಿ ಪರದೆ ಮುಟ್ಟುವ ಕೈಗಳು ನಾನಾ ಥರ. ಅಮೀನಗಡದಲ್ಲಿ ಕರದಂಟು ಮಾಡುವ ಕೈಗೆ ಬೆಲ್ಲ, ತುಪ್ಪ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ದಪ್ಪ ಗ್ಲೌಸ್. ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲಿನ ಪುಡಿ. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆದು ಬಂದ ಒದ್ದೆ ಕೈ. ಇವರೆಲ್ಲರಿಗೂ ಒಂದೇ ಪರದೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟಚ್‌ಸ್ಕ್ರೀನ್ ಆರಿಸುವಾಗ ಮೊದಲು ನೋಡಬೇಕಾದ್ದು ಅದನ್ನು ಮುಟ್ಟುವ ಕೈಯನ್ನು. ಬೆಲೆ, ಇಂಚು, ಕಂಪನಿ ಎಲ್ಲ ಆಮೇಲೆ.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ನಾಲ್ಕನೆಯದು ಅಪರೂಪ. ಒಂದೊಂದೂ ಒಳಗೆ ಏನು ಮಾಡುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಯಾವುದು ಎಲ್ಲಿ ಕೈ ಕೊಡುತ್ತದೆ ಎಂಬುದು ನಿಮಗೇ ಹೊಳೆಯುತ್ತದೆ.

ಒತ್ತಿದರೆ ಕೆಲಸ ಮಾಡುವುದು: ರೆಸಿಸ್ಟಿವ್

ಹಿಂದೆ ಬರುತ್ತಿದ್ದ ಚೈನಾ ಸೆಟ್‌ಗಳು ನೆನಪಿವೆ ಅಲ್ವಾ? ಎರಡು ಸಿಮ್, ಓಣಿಗೆಲ್ಲ ಕೇಳುವ ಸ್ಪೀಕರ್, ಮೂಲೆಯಲ್ಲಿ ಸಿಕ್ಕಿಸಿದ ಸಣ್ಣ ಕಡ್ಡಿ. ಬೆರಳಿಗಿಂತ ಕಡ್ಡಿಯಿಂದ ಒತ್ತಿದರೇ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಅವುಗಳಲ್ಲಿ ಇದ್ದದ್ದು ರೆಸಿಸ್ಟಿವ್ ಪರದೆ. 2008ರಲ್ಲಿ ಬಂದ ನೋಕಿಯಾ 5800 ಕೂಡ ಇದೇ ಜಾತಿ.

ಮೇಲೆ ಬಾಗುವ ಪ್ಲಾಸ್ಟಿಕ್ ಹಾಳೆ, ಕೆಳಗೆ ಗಾಜು. ಎರಡರ ಒಳಮುಖಕ್ಕೂ ಇಂಡಿಯಂ ಟಿನ್ ಆಕ್ಸೈಡ್ ಲೇಪನ. ಇದರ ವಿಶೇಷ ಏನೆಂದರೆ ಕರೆಂಟೂ ಹರಿಯುತ್ತದೆ, ಬೆಳಕೂ ದಾಟುತ್ತದೆ. ನಡುವೆ ಇರುವ ಸಣ್ಣ ಸಣ್ಣ ಚುಕ್ಕೆಗಳು ಹಾಳೆ ಮತ್ತು ಗಾಜನ್ನು ಒಂದಕ್ಕೊಂದು ತಾಗದಂತೆ ಇಡುತ್ತವೆ. ನೀವು ಒತ್ತಿದಾಗ ಹಾಳೆ ಬಗ್ಗಿ ಗಾಜಿಗೆ ತಾಗುತ್ತದೆ. ತಾಗಿದ ಜಾಗದ ವೋಲ್ಟೇಜ್ ಅಳೆದರೆ ಅಡ್ಡ ಎಷ್ಟು, ಉದ್ದ ಎಷ್ಟು ಅಂತ ಸಿಗುತ್ತದೆ. ಅಷ್ಟೇ.

ಹಾಗಾಗಿ ಇದಕ್ಕೆ ಒತ್ತುವುದು ಏನು ಅನ್ನುವ ಪರಿವೆ ಇಲ್ಲ. ಉಗುರು, ಪೆನ್ನಿನ ಕ್ಯಾಪ್, ಚರ್ಮದ ಗ್ಲೌಸ್, ಒದ್ದೆ ಕೈ, ಹಿಟ್ಟು ಮೆತ್ತಿದ ಕೈ, ಎಲ್ಲವೂ ನಡೆಯುತ್ತವೆ. ತೊಂದರೆಗಳೂ ಇವೆ. ಮೇಲಿನ ಹಾಳೆ ಪ್ಲಾಸ್ಟಿಕ್ ಆದ್ದರಿಂದ ಗೀರು ಬೀಳುತ್ತದೆ. ಪದರಗಳು ಬೆಳಕನ್ನು ತಿನ್ನುತ್ತವೆ, ಸುಮಾರು 15ರಿಂದ 20 ಶೇಕಡಾ. ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡುವ ಆಟ ಸಾಮಾನ್ಯ ರೆಸಿಸ್ಟಿವ್‌ನಲ್ಲಿ ನಡೆಯುವುದಿಲ್ಲ. ವಯಸ್ಸಾದ ಹಾಗೆ ಜಾಗ ಜರುಗುತ್ತದೆ. ಆಗ ಪರದೆಯ ಮೂಲೆಗಳಲ್ಲಿ ಬರುವ ಪ್ಲಸ್ ಗುರುತು ಒತ್ತಿ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಜರುಗಿದ ಲೆಕ್ಕ ಮತ್ತೆ ಸರಿಹೊಂದಿಸಬೇಕು.

ಇದರಲ್ಲೇ ಎರಡು ಬಗೆ ಇವೆ, ಕೇಳಿ ತೆಗೆದುಕೊಳ್ಳಿ. ನಾಲ್ಕು ವೈರಿನದು, ಐದು ವೈರಿನದು. ನಾಲ್ಕು ವೈರಿನದರಲ್ಲಿ ಮೇಲಿನ ಪ್ಲಾಸ್ಟಿಕ್ ಹಾಳೆಯೂ ಅಳತೆಯ ಕೆಲಸ ಮಾಡುತ್ತದೆ. ಅದರ ಲೇಪನ ಸವೆದರೆ ಲೆಕ್ಕ ತಪ್ಪುತ್ತದೆ. ಐದು ವೈರಿನದರಲ್ಲಿ ಅಳತೆ ಪೂರ್ತಿ ಕೆಳಗಿನ ಗಾಜಿನಲ್ಲೇ ನಡೆಯುತ್ತದೆ, ಹಾಳೆ ಸುಮ್ನೆ ಮುಟ್ಟಿ ತಿಳಿಸುತ್ತದೆ. ಸಾಮಾನ್ಯವಾಗಿ ಹೇಳುವ ಬಾಳಿಕೆ ನಾಲ್ಕು ವೈರಿನದಕ್ಕೆ ಒಂದೇ ಜಾಗದಲ್ಲಿ 10 ಲಕ್ಷ ಒತ್ತು, ಐದು ವೈರಿನದಕ್ಕೆ 3.5 ಕೋಟಿ. ‘ಪ್ರಿಂಟ್’ ಬಟನ್ ಇರುವ ಜಾಗಕ್ಕೆ ದಿನಕ್ಕೆ 600 ಒತ್ತು ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಮೊದಲನೆಯದು ಸುಮಾರು ನಾಲ್ಕೂವರೆ ವರ್ಷ. ಎರಡನೆಯದು ನಿಮ್ಮ ಮೊಮ್ಮಕ್ಕಳು ಗಲ್ಲಾದಲ್ಲಿ ಕೂತರೂ ಮುಗಿಯುವುದಿಲ್ಲ. ಕಾಗದದ ಮೇಲಿನ ಲೆಕ್ಕ ಇದು, ನಿಜ. ಬಾಲ್‌ಪೆನ್ನಿನಿಂದ ಕುಟ್ಟುವ ಹುಡುಗ ಇದ್ದರೆ ಯಾವ ಲೆಕ್ಕವೂ ನಿಲ್ಲದು.

ಬೆರಳಿನ ಕರೆಂಟ್ ಗುಣ ಹಿಡಿಯುವುದು: ಕೆಪಾಸಿಟಿವ್

ಈಗಿನ ಎಲ್ಲ ಸ್ಮಾರ್ಟ್‌ಫೋನ್, ಹೆಚ್ಚಿನ ಟ್ಯಾಬ್, ಹೊಸ ಬಿಲ್ಲಿಂಗ್ ಮಷಿನ್‌ಗಳಲ್ಲಿ ಇರುವುದು ಇದೇ. ಹೊಸದು ಅಂತ ನಾವು ಅಂದುಕೊಂಡಿದ್ದೇವೆ, ಆದರೆ ಹುಟ್ಟಿನಲ್ಲಿ ಇದೇ ಅಣ್ಣ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಡಾರ್ ಸಂಸ್ಥೆಯ ಇ. ಎ. ಜಾನ್ಸನ್ 1965ರಲ್ಲೇ ಇದರ ಬಗ್ಗೆ ಬರೆದಿದ್ದರು, ವಿಮಾನ ಸಂಚಾರ ನೋಡಿಕೊಳ್ಳುವವರಿಗೆ ಅನುಕೂಲ ಆಗಲಿ ಅಂತ. ಅಮೆರಿಕದ ಸ್ಯಾಮ್ ಹರ್ಸ್ಟ್ ರೆಸಿಸ್ಟಿವ್ ದಾರಿ ಹಿಡಿದದ್ದು 1970ರ ದಶಕದಲ್ಲಿ. ಅಗ್ಗ ಅನ್ನುವ ಕಾರಣಕ್ಕೆ ತಮ್ಮನೇ ಎಷ್ಟೋ ವರ್ಷ ಆಳಿದ. 2007ರಲ್ಲಿ ಐಫೋನ್ ಬಂದ ಮೇಲೆ ಅಣ್ಣನಿಗೆ ಮತ್ತೆ ಕಾಲ ಬಂತು.

ಇಲ್ಲಿ ಗಾಜಿನ ಕೆಳಗೆ ಕಣ್ಣಿಗೆ ಕಾಣದ ಗೆರೆಗಳು ಇಳಕಲ್ ಮಗ್ಗದ ಹಾಸು-ಹೊಕ್ಕಿನ ಹಾಗೆ ಅಡ್ಡ-ಉದ್ದ ಹಾಯ್ದಿರುತ್ತವೆ. ಎರಡು ಗೆರೆ ದಾಟುವ ಪ್ರತಿ ಜಾಗದಲ್ಲೂ ಚೂರು ವಿದ್ಯುತ್ ಕ್ಷೇತ್ರ ಇರುತ್ತದೆ. ನಮ್ಮ ಮೈಯಲ್ಲಿ ನೀರು, ಉಪ್ಪು ಇರುವುದರಿಂದ ಬೆರಳು ಹತ್ತಿರ ಬಂದಾಗ ಆ ಕ್ಷೇತ್ರದಲ್ಲಿ ಒಂದಿಷ್ಟು ಬೆರಳಿನ ಕಡೆ ಸರಿಯುತ್ತದೆ. ಈ ವ್ಯತ್ಯಾಸ ತೀರಾ ಚಿಕ್ಕದು. ಒಳಗಿನ ಚಿಪ್ ಒಂದು ಸೆಕೆಂಡಿನಲ್ಲಿ 60, 120, ಗೇಮಿಂಗ್ ಫೋನ್‌ಗಳಲ್ಲಿ ಇನ್ನೂ ಜಾಸ್ತಿ ಸಲ ಇಡೀ ಪರದೆ ಅಳೆದು, ಎಲ್ಲಿ ಕಡಿಮೆ ಆಯಿತು ಅಂತ ಹುಡುಕುತ್ತದೆ. ಒತ್ತುವ ಅಗತ್ಯವೇ ಇಲ್ಲ. ಹತ್ತು ಬೆರಳನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ಮೇಲ್ಭಾಗ ಗಾಜು, ಆದ್ದರಿಂದ ಬೆಳಕೂ ಚೆನ್ನ, ಬಾಳಿಕೆಯೂ ಚೆನ್ನ.

ಪೆನ್ನಿನ ಪ್ಲಾಸ್ಟಿಕ್ ಕ್ಯಾಪ್ ಇದಕ್ಕೆ ಕಾಣುವುದೇ ಇಲ್ಲ. ಕೈಯಲ್ಲಿ ಹಿಡಿದ ಸೌತೆಕಾಯಿ ತುಂಡು ಕಾಣುತ್ತದೆ! ಮನೆಯಲ್ಲಿ ಮಾಡಿ ನೋಡಿ, ಮಕ್ಕಳಿಗೆ ಖುಷಿ.

ಈಗ ಮೆತ್ತಿದ ಕೈಗಳ ವಿಷಯಕ್ಕೆ ಬರೋಣ. ಎಲ್ಲ ಮೆತ್ತುವಿಕೆಯೂ ಒಂದೇ ಅಲ್ಲ. ತುಪ್ಪ, ಎಣ್ಣೆಯಲ್ಲಿ ಕರೆಂಟ್ ಹರಿಯುವುದಿಲ್ಲ. ತುಪ್ಪದ ಕೈಯಲ್ಲಿ ಮುಟ್ಟಿದರೆ ಪರದೆ ಮಸಕಾಗುತ್ತದೆ, ಆದರೆ ಟಚ್ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ. ನೀರು ಬೆರೆತ ಬೆಲ್ಲದ ಪಾಕ, ಕಲಸಿದ ಹಿಟ್ಟು, ಬೆವರು, ಇವು ಹಾಗಲ್ಲ. ಇವುಗಳಲ್ಲಿ ಕರೆಂಟ್ ಹರಿಯುತ್ತದೆ. ಪರದೆ ಮೇಲೆ ಒದ್ದೆ ಹರಡಿದ್ದು ಅದಕ್ಕೆ ಬೆರಳು ತಾಗಿದರೆ, ಆ ಒದ್ದೆ ಇಡಿಯಾಗಿ ಒಂದು ದೊಡ್ಡ ಬೆರಳಿನಂತೆ ಚಿಪ್‌ಗೆ ಕಾಣಬಹುದು. ಆಗಲೇ ಎರಡು ರೊಟ್ಟಿ ಊಟ ಒತ್ತಿದರೆ ನಾಲ್ಕು ಬೀಳುವುದು, ಮುಟ್ಟದೇ ಇದ್ದರೂ ಬಟನ್ ತಾನೇ ಒತ್ತಿಕೊಳ್ಳುವುದು.

ನವನಗರದ ಒಂದು ಖಾನಾವಳಿಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಬಡಿಸುವ ಹುಡುಗ ಕೈ ತೊಳೆದು, ಅರ್ಧ ಒರೆಸಿ, ನೇರ ಗಲ್ಲಾಕ್ಕೆ ಬಂದು ಆರ್ಡರ್ ಒತ್ತುತ್ತಿದ್ದ. ಮಾಲೀಕರು ಪರದೆ ಕಾಪಾಡಲು ದಪ್ಪ ಪಾಲಿಥಿನ್ ಹೊದಿಸಿದ್ದರು. ಪಾಲಿಥಿನ್ನಿನ ಕೆಳಗೆ ಗಾಳಿ, ಮೇಲೆ ನೀರಿನ ಹನಿ. ಒಂದು ಕಡೆ ಟಚ್ ಹಿಡಿಯುತ್ತಿರಲಿಲ್ಲ, ಇನ್ನೊಂದು ಕಡೆ ಮುಟ್ಟದೆಯೇ ಹಿಡಿಯುತ್ತಿತ್ತು. "ತಮ್ಮಾ, ಜೋರ್ ಒತ್ತೋ" ಅಂತ ಮಾಲೀಕರು ಕೂಗುತ್ತಿದ್ದರು. ಕೆಪಾಸಿಟಿವ್ ಪರದೆಗೆ ಜೋರು ಗೊತ್ತೇ ಇಲ್ಲ. ಪಾಲಿಥಿನ್ ತೆಗೆದು, ಪಕ್ಕದಲ್ಲಿ ಒಂದು ಒಣ ಬಟ್ಟೆ ಇಟ್ಟ ಮೇಲೆ ಮುಕ್ಕಾಲು ಭಾಗ ಸರಿಹೋಯಿತು.

ಇನ್ನೊಂದು ದೂರು ಹಿರಿಯರದು. "ನಮ್ಮ ಕೈ ಹಿಡಿಯವಲ್ದು ನೋಡ್ರಿ ಇದಕ್ಕ. ಮೊಮ್ಮಗ ಮುಟ್ಟಿದ್ರ ಪಟ್ ಅಂತ ಹಿಡೀತದ." ಅವರು ಹೇಳುವುದು ನಿಜ. ಗಳೆ ಹೊಡೆದು, ಸಲಿಕೆ ಹಿಡಿದು, ಮಗ್ಗ ನೇಯ್ದು ಗಟ್ಟಿಯಾದ ಬೆರಳ ತುದಿಯ ಚರ್ಮ ಒಣಗಿರುತ್ತದೆ, ದಪ್ಪ ಇರುತ್ತದೆ. ಕರೆಂಟ್ ಹರಿಯುವ ಒಳಚರ್ಮ ಗಾಜಿನಿಂದ ದೂರ ಉಳಿಯುತ್ತದೆ. ಚಿಪ್‌ಗೆ ಸಿಗುವ ಸುಳಿವು ಸಣ್ಣದಾಗುತ್ತದೆ. ಇದಕ್ಕೆ ಫೋನ್ ಬದಲಿಸಬೇಕಿಲ್ಲ. ಬೆರಳ ತುದಿ ಬಿಟ್ಟು ಮೆತ್ತಗಿರುವ ಉಬ್ಬು ಭಾಗದಿಂದ ಮುಟ್ಟಿಸಿ. ಸೆಟ್ಟಿಂಗ್ಸ್‌ನಲ್ಲಿ ಟಚ್ ಸೆನ್ಸಿಟಿವಿಟಿ ಅಥವಾ ಗ್ಲೌಸ್ ಮೋಡ್ ಇದ್ದರೆ ಆನ್ ಮಾಡಿ. ದಪ್ಪ ಗಾರ್ಡ್ ಇದ್ದರೆ ತೆಗೆದು ತೆಳ್ಳನೆಯದು ಹಾಕಿಸಿ. ಹಿರಿಯರಿಗೆ ಫೋನ್ ಕೊಡಿಸುವವರು ಈ ಸೆಟ್ಟಿಂಗ್ ಇದೆಯೋ ಇಲ್ಲವೋ ಅಂತ ಅಂಗಡಿಯಲ್ಲೇ ನೋಡಿ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವುದಕ್ಕಿಂತ ಅವರಿಗೆ ಇದೇ ಮುಖ್ಯ.

ಬೆಳಕಿಗೆ ಅಡ್ಡ ಬಂದರೆ ಹಿಡಿಯುವುದು: ಇನ್ಫ್ರಾರೆಡ್

ಶಾಲೆಗಳ ಸ್ಮಾರ್ಟ್ ಕ್ಲಾಸಿನಲ್ಲಿರುವ 65, 75, 86 ಇಂಚಿನ ದೊಡ್ಡ ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಚೌಕಟ್ಟಿನ ಒಂದು ಬದಿಯಲ್ಲಿ ಕಣ್ಣಿಗೆ ಕಾಣದ ಬೆಳಕು ಬಿಡುವ ಎಲ್‌ಇಡಿಗಳ ಸಾಲು, ಎದುರು ಬದಿಯಲ್ಲಿ ಅದನ್ನು ಹಿಡಿಯುವ ಸೆನ್ಸರ್‌ಗಳ ಸಾಲು. ಬೆರಳು ಅಡ್ಡ ಬಂದಾಗ ಯಾವ ಕಿರಣ ತಪ್ಪಿತು ಅಂತ ನೋಡಿ ಜಾಗ ತಿಳಿಯುತ್ತದೆ. ಈ ತಂತ್ರ ಮೊದಲೇ ಪಾಠಕ್ಕೆ ಬಳಕೆಯಾದದ್ದು: ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ 4 ಎಂಬ ಕಲಿಕೆಯ ಕಂಪ್ಯೂಟರಿನಲ್ಲಿ 1972ರಲ್ಲಿ 16ಕ್ಕೆ 16ರ ಕಿರಣಗಳ ಜಾಲ ಇತ್ತು.

ಪರದೆ ದೊಡ್ಡದಾದಷ್ಟೂ ಕೆಪಾಸಿಟಿವ್ ದುಬಾರಿ. ಇನ್ಫ್ರಾರೆಡ್‌ಗೆ ಚೌಕಟ್ಟು ದೊಡ್ಡದಾದರೆ ಸಾಕು. ಬೆರಳು, ಕೋಲು, ಡಸ್ಟರ್, ಗ್ಲೌಸ್, ಯಾವುದನ್ನು ಇಟ್ಟರೂ ಹಿಡಿಯುತ್ತದೆ. ಮೇಷ್ಟ್ರ ಅಂಗಿ ತೋಳು ತಾಗಿದರೂ ಹಿಡಿಯುತ್ತದೆ, ಅದೇ ತೊಂದರೆ.

ಪ್ಯಾನೆಲ್ ಕೆಟ್ಟಿದೆ ಅಂತ ಸರ್ವಿಸಿನವರನ್ನು ಕರೆಯುವ ಮುಂಚೆ ಕೆಳಗಿನ ಅಂಚು ನೋಡಿ. ಪಕ್ಕದಲ್ಲೇ ಕಪ್ಪು ಹಲಗೆಯೂ ಇದ್ದರೆ ಸೀಮೆಸುಣ್ಣದ ಪುಡಿ ಹಾರಿ ಬಂದು ಆ ಅಂಚಿನಲ್ಲಿ ಕೂರುತ್ತದೆ. ಪುಡಿ ಕಿರಣಕ್ಕೆ ಅಡ್ಡವಾದರೆ ಒಂದೋ ಆ ಸಾಲಿನಲ್ಲಿ ಟಚ್ ಸತ್ತಿರುತ್ತದೆ, ಇಲ್ಲವೇ ತಾನಾಗಿ ಗೆರೆ ಎಳೆಯುತ್ತಿರುತ್ತದೆ. ಪ್ಯಾನೆಲ್ ಆಫ್ ಮಾಡಿ, ಒಣಗಿದ ಮೃದು ಬ್ರಷ್‌ನಿಂದ ಅಂಚಿನ ಉದ್ದಕ್ಕೂ ಒರೆಸಿದರೆ ಎಷ್ಟೋ ಸಲ ಸರಿಯಾಗುತ್ತದೆ. ಕಿಟಕಿಯ ಬಿಸಿಲು ನೇರ ಚೌಕಟ್ಟಿನ ಮೇಲೆ ಬಿದ್ದರೂ ಸೆನ್ಸರ್ ಕಕ್ಕಾಬಿಕ್ಕಿ. ಹೊಸದಾಗಿ ಹಾಕಿಸುವಾಗ ಬಿಸಿಲು ಬೀಳುವ ಗೋಡೆ ಬಿಟ್ಟು ಬೇರೆ ಗೋಡೆ ಆರಿಸಿ, ಹಲಗೆಯನ್ನು ದೂರ ಇಡಿ. ಇಷ್ಟು ಮಾಡಿದರೆ ನಮ್ಮ ಶಾಲೆಗಳಿಗೆ ಇನ್ಫ್ರಾರೆಡ್ ಸಾಕು. ಅಷ್ಟು ದೊಡ್ಡ ಕೆಪಾಸಿಟಿವ್‌ಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ನಾಲ್ಕನೆಯ ಬಗೆಯಲ್ಲಿ ಗಾಜಿನ ಮೇಲ್ಮೈಯಲ್ಲಿ ಕಿವಿಗೆ ಕೇಳದ ಶಬ್ದದ ಅಲೆ ಹರಿಸುತ್ತಾರೆ. ಬೆರಳು ಅದನ್ನು ಹೀರಿದಾಗ ಜಾಗ ತಿಳಿಯುತ್ತದೆ. ಚಿತ್ರ ತಿಳಿಯಾಗಿ ಕಾಣುತ್ತದೆ. ಆದರೆ ಗಾಜಿನ ಮೇಲೆ ಒಂದು ಹನಿ ನೀರು ನಿಂತರೂ, ಧೂಳು ಕೂತರೂ ಎಡವುತ್ತದೆ. ಒಳಾಂಗಣದ ಮಾಹಿತಿ ಯಂತ್ರಗಳಿಗೆ ಸರಿ. ನಮ್ಮ ಧೂಳಿಗೆ ಬೇಡ.

ಹಾಗಾದರೆ ಯಾರಿಗೆ ಯಾವುದು?

ಬಟ್ಟೆ ಅಂಗಡಿ, ಮೆಡಿಕಲ್, ಪುಸ್ತಕದಂಗಡಿ: ಒಣ ಕೈ, ನೆರಳು. ಕೆಪಾಸಿಟಿವ್ ತೆಗೆದುಕೊಳ್ಳಿ, ಮುಂದೆ ಹೋಗಿ.

ಖಾನಾವಳಿ, ಸ್ವೀಟ್ ಮಾರ್ಟ್, ಬೇಕರಿಯವರು ಸ್ವಲ್ಪ ನಿಲ್ಲಿ. ಬೆಳಗಾವಿಯಲ್ಲಿ ಕುಂದಾ ತೂಗಿ ಕೊಡುವವರು, ಬಿಲ್ ಹಾಕುವವರು ಬೇರೆ ಬೇರೆ ಇದ್ದರೆ ಕೆಪಾಸಿಟಿವ್‌ಗೆ ಅಡ್ಡಿ ಇಲ್ಲ. ತೂಗುವವರೇ ಬಿಲ್ ಒತ್ತಬೇಕು ಅಂದರೆ ಐದು ವೈರಿನ ರೆಸಿಸ್ಟಿವ್ ನೋಡಿ. ಚಿತ್ರ ಅಷ್ಟೇನೂ ಮಿಂಚುವುದಿಲ್ಲ, ಬಟನ್‌ಗಳನ್ನು ದೊಡ್ಡದು ಮಾಡಿಸಿಕೊಳ್ಳಬೇಕು, ಆದರೆ ಗಿರಾಕಿ ಮುಂದೆ ನಿಂತಾಗ ಮಷಿನ್ ಸತಾಯಿಸುವುದಿಲ್ಲ. ಹೊಸ ಮಾದರಿಗಳಲ್ಲಿ ರೆಸಿಸ್ಟಿವ್ ಸಿಗುವುದು ಕಡಿಮೆಯಾಗುತ್ತಿದೆ. ಸಿಗದಿದ್ದರೆ ಒದ್ದೆ ಕೈಗೆಂದೇ ಟ್ಯೂನ್ ಮಾಡಿದ ಕೆಪಾಸಿಟಿವ್ ಕೇಳಿ, ಬೆಲೆ ಸ್ವಲ್ಪ ಜಾಸ್ತಿ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಕೈಗೆ ನೀರು ಹಚ್ಚಿಕೊಂಡು ಒತ್ತಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ದುಡ್ಡು ನಿಮ್ಮದು.

ಫೌಂಡ್ರಿ, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಮಷಿನ್), ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಮತ ಇನ್ನೂ ರೆಸಿಸ್ಟಿವ್ ಕಡೆಗೇ. ಮಷಿನ್ ನಡೆಸುವ ಪಿಎಲ್‌ಸಿ ಎಂಬ ಕಂಪ್ಯೂಟರಿಗೆ ಜೋಡಿಸುವ, ಆಪರೇಟರ್ ಮುಟ್ಟಿ ಕೆಲಸ ಮಾಡಿಸುವ ಎಚ್‌ಎಂಐ ಪರದೆಗಳಲ್ಲಿ ಅದು ಇಂದಿಗೂ ಉಳಿದಿರುವುದು ಸುಮ್ಮನೆ ಅಲ್ಲ. ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಯುವ ಹಂಗಾಮಿನಲ್ಲಿ ಮಷಿನ್ ಹಗಲು ರಾತ್ರಿ ಓಡುತ್ತದೆ. ಆಪರೇಟರ್ ಕೈಯಲ್ಲಿ ಗ್ರೀಸ್ ಇರುತ್ತದೆ, ಗ್ಲೌಸ್ ಇರುತ್ತದೆ. ಪ್ರತಿ ಸಲ ಗ್ಲೌಸ್ ಬಿಚ್ಚಿ ಮುಟ್ಟು ಅಂದರೆ ಆತ ಸ್ಕ್ರೂಡ್ರೈವರ್ ಹಿಡಿಯಿಂದ ಒತ್ತುತ್ತಾನೆ. ರೆಸಿಸ್ಟಿವ್ ಅದನ್ನೂ ಒಂದು ಮಟ್ಟಿಗೆ ಸಹಿಸುತ್ತದೆ. ತೆಳ್ಳನೆಯ ರಬ್ಬರ್ ಗ್ಲೌಸ್ ಮಾತ್ರ ಬಳಸುವ ಕಡೆ ಕೆಪಾಸಿಟಿವ್ ನಡೆಯುತ್ತದೆ.

ಐಪಿ 65 ಅಂತ ಬರೆದದ್ದು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಧೂಳು ಒಳಗೆ ಹೋಗುವುದಿಲ್ಲ, ನೀರಿನ ಚಿಲುಮೆ ತಡೆಯುತ್ತದೆ ಎಂಬುದು ಅದರ ಅರ್ಥ ನಿಜ. ಆದರೆ ಎಷ್ಟೋ ಪ್ಯಾನೆಲ್‌ಗಳಲ್ಲಿ ಆ ಭರವಸೆ ಮುಂಭಾಗಕ್ಕೆ ಮಾತ್ರ. ಹಿಂಭಾಗ ಡಬ್ಬಿಯೊಳಗೆ ಮುಚ್ಚಿರಬೇಕು. ಸ್ಪೆಸಿಫಿಕೇಶನ್ ಹಾಳೆಯಲ್ಲಿ ಮುಂಭಾಗ, ಹಿಂಭಾಗ ಎರಡನ್ನೂ ಬೇರೆ ಬೇರೆ ನೋಡಿ. ಬೆಳಗಾವಿಯ ಜುಲೈ ಮಳೆಯಲ್ಲಿ ಹೊರಗೆ ಇಡುವ ಯಂತ್ರಕ್ಕಂತೂ ಇದು ತಪ್ಪಿಸುವಂಥದ್ದಲ್ಲ.

ಹೊಲ, ತೋಟಕ್ಕೆ ಒಯ್ಯುವ ಫೋನ್ ಹೇಗೂ ಕೆಪಾಸಿಟಿವ್, ಆಯ್ಕೆ ಇಲ್ಲ. ಅಲ್ಲಿ ಹೋಲಿಸಬೇಕಾದ್ದು ಬೆಳಕು ಮತ್ತು ಬಿಸಿ. ಎಲೆಯ ಬೂದಿ ರೋಗದ ಫೋಟೋ ತೆಗೆದು ಅಂಗಡಿಯವರಿಗೆ ಕಳಿಸಲು ಬಿಸಿಲಲ್ಲಿ ಪರದೆ ಕಾಣಬೇಕು ತಾನೆ? ಪರದೆಯ ಬೆಳಕನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಬಿಸಿಲಿನ ಬಳಕೆಗೆ ಕನಿಷ್ಠ 1000 ನಿಟ್ಸ್ ಇದ್ದರೆ ಒಳ್ಳೆಯದು. 300ರ ಆಸುಪಾಸಿನದು ಒಳಾಂಗಣಕ್ಕೆ ಮಾತ್ರ. ಇನ್ನು ಬಿಸಿ. ಐಫೋನ್ ಬಳಸಲು ಆಪಲ್ ಹೇಳುವ ವಾತಾವರಣ 0ರಿಂದ 35 ಡಿಗ್ರಿ. ವಿಜಯಪುರದ ಏಪ್ರಿಲ್, ಮೇ ತಿಂಗಳು 40 ದಾಟುತ್ತದೆ. ಬೈಕಿನ ಹ್ಯಾಂಡಲ್ ಮೇಲೆ ಸಿಕ್ಕಿಸಿ ಮ್ಯಾಪ್ ನೋಡುತ್ತಾ ಹೋದರೆ ಫೋನ್ ಕಾದು ತಾನಾಗಿ ಬೆಳಕು ಇಳಿಸುತ್ತದೆ. ಡಿಸ್ಪ್ಲೇ ಹೋಯ್ತು ಅಂತ ರಿಪೇರಿಗೆ ಓಡಬೇಡಿ. ನೆರಳಿಗೆ ತಂದು, ಕವರ್ ತೆಗೆದು ಸ್ವಲ್ಪ ಹೊತ್ತು ಬಿಡಿ. ಫ್ರಿಜ್ಜಿಗೆ ಮಾತ್ರ ಇಡಬೇಡಿ, ಒಳಗೆ ನೀರು ಹನಿಗಟ್ಟುತ್ತದೆ.

ಗಾಜು, ಗಾರ್ಡ್, ಕಲ್ಲಿನ ಪುಡಿ

ಫೋನಿನ ಗಟ್ಟಿ ಗಾಜನ್ನು ಸುಮಾರು 400 ಡಿಗ್ರಿಯ ಕರಗಿದ ಉಪ್ಪಿನ ದ್ರಾವಣದಲ್ಲಿ ಮುಳುಗಿಸಿ ತೆಗೆಯುತ್ತಾರೆ. ಗಾಜಿನಲ್ಲಿರುವ ಸಣ್ಣ ಸೋಡಿಯಂ ಅಯಾನುಗಳು ಹೊರಗೆ ಬಂದು ದೊಡ್ಡ ಪೊಟ್ಯಾಸಿಯಂ ಅಯಾನುಗಳು ಆ ಜಾಗದಲ್ಲಿ ಇಕ್ಕಟ್ಟಾಗಿ ಕೂರುತ್ತವೆ. ಮೇಲ್ಪದರ ಬಿಗಿಯಾಗುತ್ತದೆ, ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಬಿದ್ದರೆ ತಡೆಯುವ ಶಕ್ತಿ ಬೇರೆ, ಗೀರು ತಡೆಯುವ ಶಕ್ತಿ ಬೇರೆ. ಒಂದು ಚೆನ್ನಾಗಿದ್ದರೆ ಇನ್ನೊಂದೂ ಚೆನ್ನಾಗಿರಬೇಕೆಂದಿಲ್ಲ.

ಗೀರಿನ ವಿಷಯದಲ್ಲಿ ಬಾಗಲಕೋಟೆ ಜಿಲ್ಲೆಯೊಳಗೇ ಎರಡು ಲೆಕ್ಕ ಇದೆ. ಕಲ್ಲುಗಳ ಗಟ್ಟಿತನವನ್ನು ಮೋಸ್ ಮಾಪಕದಲ್ಲಿ 1ರಿಂದ 10ರವರೆಗೆ ಹೇಳುತ್ತಾರೆ. ಲೋಕಾಪುರದ ಕಡೆಯ ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸೈಟ್ 3. ಇಳಕಲ್ ಗ್ರಾನೈಟಿನಲ್ಲಿರುವ ಕ್ವಾರ್ಟ್ಸ್ 7. ಫೋನಿನ ಗಾಜು ಸುಮಾರು 6. ಸುಣ್ಣದ ಕಲ್ಲಿನ ಪುಡಿ ಮೆತ್ತಿದರೆ ಗಾಜಿಗೆ ಏನೂ ಆಗದು, ಗ್ರಾನೈಟ್ ಪುಡಿ ಇದ್ದ ಜೇಬಿನಲ್ಲಿ ಫೋನ್ ತಿಕ್ಕಾಡಿದರೆ ಸಂಜೆಗೆ ಗೀರು ಖಾತ್ರಿ. ಕ್ವಾರಿ, ಪಾಲಿಶ್ ಘಟಕದಲ್ಲಿ ದುಡಿಯುವವರು ಗಾರ್ಡ್ ಹಾಕಿಸಲೇಬೇಕು. ಪುಡಿಯನ್ನು ಅಂಗಿಯಿಂದ ಉಜ್ಜಬೇಡಿ, ಮೊದಲು ಊದಿ, ಆಮೇಲೆ ಒರೆಸಿ.

ಗಾರ್ಡ್ ಡಬ್ಬಿಯ ಮೇಲೆ ‘9ಎಚ್’ ಅಂತ ಇರುತ್ತದೆ. ಅದು ಪೆನ್ಸಿಲ್ ಗೀರಿನ ಪರೀಕ್ಷೆಯ ಅಂಕಿ. ಮೋಸ್ ಮಾಪಕದ 9 ಅಂದರೆ ನೀಲಮಣಿಯ ಗಟ್ಟಿತನ, ಬೀದಿಬದಿಯ ಗಾರ್ಡಿಗೆ ಅದೆಲ್ಲಿಂದ ಬರಬೇಕು? ಗಾರ್ಡಿಗೆ ಗೀರು ಬೀಳುತ್ತದೆ. ಬೀಳಲಿ ಅಂತಲೇ ಹಾಕಿಸುವುದು.

ಬಿದ್ದು ಒಡೆದರೆ ರಿಪೇರಿ ಅಂಗಡಿಯಲ್ಲಿ ಎರಡು ಮಾತು ಕೇಳುತ್ತೀರಿ: ಗ್ಲಾಸ್ ಚೇಂಜ್ (ಮೇಲಿನ ಗಾಜು ಮಾತ್ರ), ಇಲ್ಲವೇ ಕಾಂಬೋ (ಗಾಜು, ಟಚ್, ಡಿಸ್ಪ್ಲೇ ಒಟ್ಟಿಗೆ). ಮೊದಲು ಗಾಜು, ಟಚ್, ಡಿಸ್ಪ್ಲೇ ಮೂರೂ ಬೇರೆ ಬೇರೆ ಇರುತ್ತಿದ್ದವು. ಈಗ ಎಷ್ಟೋ ಫೋನ್‌ಗಳಲ್ಲಿ ಟಚ್ ಗೆರೆಗಳು ಡಿಸ್ಪ್ಲೇ ಒಳಗೇ ಸೇರಿವೆ. ಗಾಜು ಮಾತ್ರ ಒಡೆದು, ಟಚ್ ಮತ್ತು ಚಿತ್ರ ಎರಡೂ ಸರಿ ಇದ್ದರೆ ಗ್ಲಾಸ್ ಚೇಂಜ್ ಅಗ್ಗದ ದಾರಿ. ಆದರೆ ಅಂಟಿಸಿದ ಗಾಜನ್ನು ಬಿಸಿ ಮಾಡಿ ಬಿಡಿಸುವಾಗ ಡಿಸ್ಪ್ಲೇ ಹೋಗುವ ಅಪಾಯ ಇದೆ, ಹೋದರೆ ಯಾರ ಜವಾಬ್ದಾರಿ ಅಂತ ಮೊದಲೇ ಮಾತಾಡಿಕೊಳ್ಳಿ. ಟಚ್ ಒಂದು ಪಟ್ಟಿಯಲ್ಲಿ ಸತ್ತಿದ್ದರೆ ಕಾಂಬೋನೇ ಗತಿ. ಕಾಪಿ ಕಾಂಬೋ ಹಾಕಿಸಿದರೆ ಬಣ್ಣ ಮಾತ್ರ ಅಲ್ಲ, ಟಚ್ ಕೂಡ ಮಂದ ಆಗಬಹುದು. ಹಳೇ ಫೋನಿಗೆ ಸರಿ, ಹೊಸದಕ್ಕೆ ಬೇಡ ಎನ್ನುತ್ತೇನೆ.

ಬರೆಯುವವರಿಗೆ

ವಿಜಯಪುರದ ಓದುಕೋಣೆಗಳಲ್ಲಿ ಪರೀಕ್ಷೆಗೆ ಓದುವ ಹುಡುಗರು ಟ್ಯಾಬ್ ಮೇಲೆ ನೋಟ್ಸ್ ಬರೆಯಬೇಕು ಅಂತ ಕೇಳುತ್ತಾರೆ. ರಬ್ಬರ್ ತುದಿಯ ಅಗ್ಗದ ಪೆನ್ ದಂಡ. ಅದು ಬೆರಳಿನ ನಕಲು ಅಷ್ಟೇ, ತುದಿ ದಪ್ಪ, ಅಂಗೈ ತಾಗಿದರೂ ಗೆರೆ ಬೀಳುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಚಿಕ್ಕದಾಗಿ ಬರೆಯಬೇಕಲ್ಲ, ಅದರಲ್ಲಿ ಸಾಧ್ಯವೇ ಇಲ್ಲ. ಟ್ಯಾಬ್ ಜೊತೆಗೇ ಮಾತಾಡುವ ಪೆನ್ ಬೇಕು. ಅದರಲ್ಲಿ ಎರಡು ಬಗೆ: ಆಪಲ್ ಪೆನ್ಸಿಲ್‌ನಂತೆ ಬ್ಯಾಟರಿ ಇರುವುದು, ವೇಕಮ್ ಕಂಪನಿಯ ತಂತ್ರದ ಹಾಗೆ ಪರದೆಯ ಕೆಳಗಿನ ಹಲಗೆಯೇ ಪೆನ್ನಿಗೆ ಶಕ್ತಿ ಕೊಡುವುದು. ಎರಡನೆಯದಕ್ಕೆ ಚಾರ್ಜ್ ಮಾಡುವ ತಲೆನೋವಿಲ್ಲ. ಪೆನ್ ಯಾವುದಿದ್ದರೂ ಆ ಟ್ಯಾಬ್‌ಗೆ ಹೊಂದುವುದೇ ಬೇಕು, ಒಂದರದ್ದು ಇನ್ನೊಂದಕ್ಕೆ ನಡೆಯುತ್ತದೆ ಅನ್ನುವಂತಿಲ್ಲ.

ಟಚ್ ಬೇಡದ ಕಡೆ

ಕಣ್ಣು ಬೇರೆಲ್ಲೋ ಇರಬೇಕಾದ ಕೆಲಸಕ್ಕೆ ಟಚ್ ಬೇಡ. ಗಾಜಿನ ಮೇಲೆ ಬಟನ್ ಎಲ್ಲಿದೆ ಅಂತ ಬೆರಳಿಗೆ ತಿಳಿಯುವುದಿಲ್ಲ, ನೋಡಲೇಬೇಕು. 2017ರ ಆಗಸ್ಟಿನಲ್ಲಿ ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ಟ್ಯಾಂಕರಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಹಡಗಿನ ಟಚ್‌ಸ್ಕ್ರೀನ್ ನಿಯಂತ್ರಣದ ಗೊಂದಲವೂ ಒಂದು ಕಾರಣ ಎಂದು ತನಿಖೆ ಹೇಳಿತು. 2019ರಲ್ಲಿ ಅಲ್ಲಿನ ನೌಕಾಪಡೆ ವೇಗ ನಿಯಂತ್ರಣಕ್ಕೆ ಮತ್ತೆ ಕೈಯಲ್ಲಿ ಹಿಡಿಯುವ ಲಿವರ್‌ಗಳನ್ನೇ ಹಾಕುವುದಾಗಿ ಹೇಳಿತು. ಅಷ್ಟು ದೊಡ್ಡವರೇ ಹಿಂದೆ ಬಂದಿರುವಾಗ, ಕಾರು ಕೊಳ್ಳುವವರು ಎಸಿ, ವೈಪರ್, ವಾಲ್ಯೂಮ್‌ಗೆ ತಿರುಗಿಸುವ ಗುಂಡಿ ಇರುವ ಮಾದರಿ ಹುಡುಕಿದರೆ ತಪ್ಪೇನಿದೆ? ಕಾರ್ಖಾನೆಯ ಎಮರ್ಜೆನ್ಸಿ ಸ್ಟಾಪ್ ಕೂಡ ಅಷ್ಟೇ. ಅದು ಕೆಂಪು ಗುಂಡಿಯಾಗಿಯೇ ಇರಬೇಕು.

ದುಡ್ಡು ಕೊಡುವ ಮುಂಚೆ

ಯಾವ ಬಗೆ ಅಂತ ಅಂಗಡಿಯವರಿಗೇ ಗೊತ್ತಿಲ್ಲದಿದ್ದರೆ ಪೆನ್ನಿನ ಪ್ಲಾಸ್ಟಿಕ್ ಕ್ಯಾಪ್ ತೆಗೆದುಕೊಳ್ಳಿ. ಒತ್ತಿದರೆ ಹಿಡಿಯಿತು ಅಂದರೆ ರೆಸಿಸ್ಟಿವ್ ಇಲ್ಲವೇ ಇನ್ಫ್ರಾರೆಡ್. ಪರದೆಗೆ ತಾಗುವ ಕೂದಲೆಳೆ ಮುಂಚೆಯೇ ಹಿಡಿದರೆ ಇನ್ಫ್ರಾರೆಡ್. ಏನೂ ಆಗಲಿಲ್ಲ, ಬೆರಳಿಗೆ ಮಾತ್ರ ಹಿಡಿಯಿತು ಅಂದರೆ ಕೆಪಾಸಿಟಿವ್.

ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ಫೋನ್ ಅಥವಾ ಬಿಲ್ಲಿಂಗ್ ಮಷಿನ್ ಆದರೆ ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಮುಟ್ಟಿ. ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರಲ್ಲಿ ಪಾಯಿಂಟರ್ ಲೊಕೇಶನ್ ಆನ್ ಮಾಡಿ, ಬೆರಳೆತ್ತದೆ ಪರದೆಯ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಒತ್ತೊತ್ತಾಗಿ ಗೆರೆ ಎಳೆಯಿರಿ. ಗೆರೆ ಎಲ್ಲಿ ತುಂಡಾಗುತ್ತದೋ ಅಲ್ಲಿ ಟಚ್ ಸತ್ತಿದೆ. ಕೀಬೋರ್ಡಿನ ಸ್ಪೇಸ್ ಬಾರ್ ಬರುವ ಕೆಳಗಿನ ಪಟ್ಟಿಯನ್ನು ಎರಡು ಸಲ ನೋಡಿ.

ಆಮೇಲೆ ಚಾರ್ಜರ್ ಸಿಕ್ಕಿಸಿ ಅದೇ ಗೆರೆ ಮತ್ತೊಮ್ಮೆ ಎಳೆಯಿರಿ. ಅಗ್ಗದ ಚಾರ್ಜರ್‌ನಿಂದ ಬರುವ ವಿದ್ಯುತ್ ಗದ್ದಲ ಕೆಪಾಸಿಟಿವ್ ಪರದೆಯ ಸಣ್ಣ ಅಳತೆಯನ್ನು ಕೆಡಿಸುತ್ತದೆ. ಗೆರೆ ನಡುಗಿದರೆ, ತಾನಾಗಿ ಚುಕ್ಕೆ ಬಿದ್ದರೆ, ವೈರ್ ಕಿತ್ತ ಕೂಡಲೇ ಸರಿಹೋದರೆ, ಪರದೆ ಚೆನ್ನಾಗಿದೆ ಅಂತ ಅರ್ಥ, ಚಾರ್ಜರ್ ಬದಲಿಸಿ ಕೊಡಿ ಅಂತ ಕೇಳಿ. ಹೊಸ ಚಾರ್ಜರಿಗೂ ಗಲ್ಲಾದಲ್ಲಿ ಹಾಗೇ ಆದರೆ ಎಲೆಕ್ಟ್ರಿಷಿಯನ್‌ನ ಕರೆಸಿ ಅಂಗಡಿಯ ಅರ್ಥಿಂಗ್ ನೋಡಿಸಿ.